ದೀನಿಯಾತ್ ಪಿರಿಯಡ್ಡಿನಲ್ಲಿ ಏನು ಕಲಿಸುತ್ತಿದ್ದರು?

ಸನ್ನತಿಗೆ ಹೋದವರು ಸಾಮಾನ್ಯವಾಗಿ ಚಂದ್ರಲಾಂಬಾ ದೇವಿಗೆ ಕೈಮುಗಿದು, ಭೀಮಾ ಹೊಳೆ ನೋಡಿಕೊಂಡು, ಪುರುಸೊತ್ತಿದ್ದರೆ ಕನಗನಹಳ್ಳಿಯ ಸ್ತೂಪದ ಕಡೆ ಒಂದು ಸುತ್ತು ಹಾಕಿ ಬರ್ತಾರೆ. ನಾನೂ ಮೊನ್ನೆ ಅಷ್ಟೇ ಮಾಡಿದ್ದು. ಆದರೆ ವಾಪಸ್ ಬರುವಾಗ ದಾರಿಯುದ್ದಕ್ಕೂ ನಮ್ಮ ಮುತ್ಯಾ ನೆನಪಾಗ್ತಿದ್ದ. ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಉದ್ದದ ಕಥೆ, ತಾಳ್ಮೆ ಇರಲಿ :)

ಮೊದಲು ಕಲ್ಲಿನ ವಿಷಯ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿರುವ ಕಾಳಿ ಗುಡಿಯ ಮಾಳಿಗೆ ಕುಸಿದು ಬಿತ್ತು. ಆಮೇಲೆ ನೋಡಿದರೆ ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಎರಡೂ ಮೈಮೇಲೆ ಬ್ರಾಹ್ಮಿ ಅಕ್ಷರ! ಮೂರ್ತಿ ನಿಲ್ಲಿಸಲಿಕ್ಕೆ ಯಾವುದೋ ಕಾಲದಲ್ಲಿ ಕಲ್ಲಿನ ನಡುವೆ ತೂತು ಕೊರೆದಿದ್ದರು, ಅಲ್ಲಿದ್ದ ಅಕ್ಷರಗಳು ಹೋಗಿಬಿಟ್ಟಿವೆ. ಉಳಿದದ್ದು ಅಶೋಕನ ಪ್ರಾಕೃತ ಶಾಸನ, ಕ್ರಿಸ್ತಪೂರ್ವ 3ನೇ ಶತಮಾನದ್ದು. ಅವನ ಬಂಡೆ ಶಾಸನಗಳಲ್ಲಿ 12 ಮತ್ತು 14ನೆಯವು, ಜೊತೆಗೆ ಕಳಿಂಗದಲ್ಲಿ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು ಇದರಲ್ಲಿವೆ.

ಈ 12ನೆಯದರ ಪೂರ್ತಿ ಪಾಠ ಗಿರ್ನಾರ್ ಮೊದಲಾದ ಕಡೆ ಸಿಗುತ್ತದೆ, ಸನ್ನತಿಯಲ್ಲಿ ಅದರ ಒಂದು ಭಾಗ ಉಳಿದಿದೆ. ಅದರ ತಾತ್ಪರ್ಯ ಇಷ್ಟು: ನಿಮ್ಮ ಪಂಥವನ್ನು ಸುಮ್ಮಸುಮ್ಮನೆ ಹೊಗಳಿಕೊಳ್ಳಬೇಡಿ, ಇನ್ನೊಬ್ಬರದನ್ನು ಹಳಿಯಬೇಡಿ, ಮಾತಿನ ಮೇಲೆ ಹಿಡಿತ ಇರಲಿ. ಒಬ್ಬರು ಇನ್ನೊಬ್ಬರ ಧರ್ಮವನ್ನು ಕೇಳಿ ತಿಳಿದುಕೊಳ್ಳಬೇಕು, ಎಲ್ಲ ಪಂಥದವರೂ ಬಹುಶ್ರುತರಾಗಬೇಕು. ಬರೀ ಸಹಿಸಿಕೊಂಡು ಇರಿ ಅಂತ ಹೇಳಿ ಅಶೋಕ ಸುಮ್ಮನಾಗಲಿಲ್ಲ, ಕೂತು ಕೇಳಿ ಅಂದ. ನನಗೆ ಮುತ್ಯಾ ನೆನಪಾಗಿದ್ದು ಇಲ್ಲೇ.

ನಮ್ಮ ಮುತ್ಯಾ ನಿಜಾಮನ ಕಾಲದಲ್ಲಿ ಚಿತ್ತಾಪುರದ ಕಡೆ ಓದಿದವ. ಆಗ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲಾ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆ. ಮೇಲಿನ ಕ್ಲಾಸಿಗೆ ಹೋದರೆ ಉರ್ದು ಮಾಧ್ಯಮವೇ ಗತಿ. ಮುತ್ಯಾ ಸಾಯುವತನಕ ಮನೆ ಲೆಕ್ಕ ಉರ್ದುವಿನಲ್ಲೇ ಬರೀತಿದ್ದ. ಶಾಲೆ ನೆನಪಾದಾಗಲೆಲ್ಲ ಒಂದು ಮಾತು ಹೇಳ್ತಿದ್ದ: "ಗಂಟಿ ಹೊಡೀತಿದ್ರು. ಮುಸಲರ ಹುಡುಗರು ದೀನಿಯಾತಿಗಿ ಆ ಖೋಲ್ಯಾಗ, ನಾವು ಅಖಲಾಖಿಯಾತಿಗಿ ಈ ಖೋಲ್ಯಾಗ. ಪಿರಿಯಡ್ ಮುಗದಮ್ಯಾಲ ಮತ್ತ ಒಂದೇ ಬೆಂಚಿನ ಮ್ಯಾಲ."

ಇದು ಮುತ್ಯಾನ ಶಾಲೆಯ ವಿಶೇಷ ಏನಲ್ಲ, ಸಂಸ್ಥಾನದ ಪದ್ಧತಿ. ಮುಸ್ಲಿಂ ವಿದ್ಯಾರ್ಥಿಗಳಿಗೆ ದೀನಿಯಾತ್ ಅಂದರೆ ಧರ್ಮಶಿಕ್ಷಣ, ಉಳಿದವರಿಗೆ ಅಖ್ಲಾಖಿಯಾತ್ ಅಂದರೆ ನೀತಿಪಾಠ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಇದೇ ವ್ಯವಸ್ಥೆ ಇತ್ತು. ವಾಡಿ ಜಂಕ್ಷನ್ನಿನಿಂದ ಹೈದರಾಬಾದಿಗೆ 1874ರಿಂದಲೇ ರೈಲು ಇದ್ದದ್ದರಿಂದ ಈ ಕಡೆಯ ಅನುಕೂಲಸ್ಥರ ಮಕ್ಕಳು ಮುಂದೆ ಓದಲು ಅಲ್ಲಿಗೇ ಹೋಗ್ತಿದ್ದರು.

ಮುತ್ಯಾನ ಬೆಂಚಿನ ದೋಸ್ತ ಒಬ್ಬ ಇದ್ದ. ಶಾಲೆ ಬಿಟ್ಟ ಮೇಲೂ ಐವತ್ತು ವರ್ಷ ಇಬ್ಬರೂ ಒಂದೇ ಹೋಟೆಲಿನಲ್ಲಿ ಚಾ ಕುಡಿದವರು. ಅವನು ತೀರಿಕೊಂಡಾಗ ಮುತ್ಯಾ ಮಣ್ಣಿಗೆ ಹೋಗಿದ್ದ. ಜನಾಜಾ ನಮಾಜಿಗೆ ಎಲ್ಲರೂ ಸಾಲಾಗಿ ನಿಂತರು. ಮುತ್ಯಾನಿಗೆ ಎಲ್ಲಿ ನಿಲ್ಲಬೇಕು, ಬಗ್ಗಬೇಕೋ, ಕೂಡಬೇಕೋ ಒಂದೂ ತಿಳಿಯಲಿಲ್ಲ. ಟಾವೆಲ್ ತಲೆಗೆ ಸುತ್ತಿಕೊಂಡು ದೂರ ಬೇವಿನ ಗಿಡದ ಕೆಳಗೆ ನಿಂತುಬಿಟ್ಟ. ಮನೆಗೆ ಬಂದವನು ಅವ್ವನ ಮುಂದೆ ಹೇಳಿದ್ದು ನನಗೆ ಇನ್ನೂ ನೆನಪಿದೆ: "ಅಷ್ಟು ವರ್ಷ ಕೂಡಿ ಇದ್ದೀವಿ ನೋಡವಾ. ಆ ಖೋಲ್ಯಾಗ ಏನ್ ಕಲಸ್ತಾರಂತ ನಾ ಒಮ್ಮೀನೂ ಕೇಳ್ಲಿಲ್ಲ."

ಹಾಗಾದರೆ ಆ ಖೋಲಿಯಲ್ಲಿ ಏನು ಕಲಿಸ್ತಾರೆ? ಮುತ್ಯಾ ಕೇಳಲಿಲ್ಲ, ನಾನಾದರೂ ಕೇಳೋಣ ಅಂತ ನಮ್ಮ ಓಣಿಯ ಒಬ್ಬ ಮೇಷ್ಟ್ರ ಹತ್ತಿರ ಕೂತೆ, ಒಂದಷ್ಟು ಪುಸ್ತಕ ತಿರುವಿದೆ. ಹೈಸ್ಕೂಲು ವಯಸ್ಸಿನ ಮಕ್ಕಳ ದೀನಿಯಾತ್ ಎಲ್ಲಿ ನೋಡಿದರೂ ಹೆಚ್ಚುಕಡಿಮೆ ಈ ವಿಷಯಗಳ ಸುತ್ತಲೇ ಇರುತ್ತದೆ.

ಮೊದಲನೆಯದು ಕುರ್‌ಆನ್. 114 ಸೂರಾಗಳು, ಓದುವ ಅನುಕೂಲಕ್ಕೆ 30 ಭಾಗ. ಪ್ರತಿ ಅಕ್ಷರ ಗಂಟಲಿನಿಂದ ಬರಬೇಕೋ, ನಾಲಿಗೆ ತುದಿಯಿಂದಲೋ, ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವ ಉಚ್ಚಾರಣಾ ಶಾಸ್ತ್ರಕ್ಕೆ ತಜ್ವೀದ್ ಅಂತ ಹೆಸರು. ನಮ್ಮಲ್ಲಿ ವೇದಪಾಠ ಹೇಳಿಸಿಕೊಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ಎರಡನೆಯದು ಅಕಾಯಿದ್, ಅಂದರೆ ನಂಬಿಕೆಗಳು. ದೇವರು ಒಬ್ಬನೇ, ಅವನ ದೂತರು, ಗ್ರಂಥಗಳು, ಪ್ರವಾದಿಗಳು, ಅಂತ್ಯದಿನ, ವಿಧಿ. ಇಲ್ಲಿ ಪ್ರವಾದಿಗಳು ಅಂದರೆ ಮುಹಮ್ಮದರು ಒಬ್ಬರೇ ಅಲ್ಲ, ಮೂಸಾ, ಈಸಾ ಇವರೂ ಆ ಪಟ್ಟಿಯಲ್ಲಿ ಇದ್ದಾರೆ.

ಮೂರನೆಯದು ಫಿಕ್ಹ್, ದಿನನಿತ್ಯದ ಆಚರಣೆಯ ನಿಯಮ. ವುಜೂ ಹೇಗೆ ಮಾಡಬೇಕು, ಐದು ಹೊತ್ತಿನ ನಮಾಜು, ರೋಜಾ, ಜಕಾತ್, ಹಜ್. ಜಕಾತ್ ಅಂದರೆ ಒಂದು ಮಿತಿಗಿಂತ ಹೆಚ್ಚಿನ ಉಳಿತಾಯ ಒಂದು ಚಾಂದ್ರವರ್ಷ ಕೈಯಲ್ಲಿದ್ದರೆ ಅದರ ನಲವತ್ತರಲ್ಲೊಂದು ಪಾಲು ಬಡವರಿಗೆ ಕೊಡಬೇಕಾದ್ದು. ನಮ್ಮ ಕಡೆ ಹೆಚ್ಚಿನವರು ಹನಫಿ ಪದ್ಧತಿಯವರು. ಭಟ್ಕಳದ ನವಾಯತರು, ಮಂಗಳೂರು ಕಡೆಯ ಬ್ಯಾರಿಗಳು ಶಾಫಿ ಪದ್ಧತಿಯವರು. ಹಾಗಾಗಿ ಒಂದೇ ಕರ್ನಾಟಕದಲ್ಲಿ ಈ ಪಾಠ ಕರಾವಳಿಯಲ್ಲಿ ಸ್ವಲ್ಪ ಬೇರೆ, ನಮ್ಮಲ್ಲಿ ಸ್ವಲ್ಪ ಬೇರೆ.

ಮೇಲಿನ ತರಗತಿಗೆ ಹೋದರೆ ಫರಾಯಿಜ್, ಅಂದರೆ ಆಸ್ತಿ ಹಂಚುವ ಲೆಕ್ಕ. ಒಬ್ಬ ಮನುಷ್ಯ 32 ಸಾವಿರ ರೂಪಾಯಿ, ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಸತ್ತ ಅಂತಿಟ್ಟುಕೊಳ್ಳಿ. ಹೆಂಡತಿಗೆ ಎಂಟನೇ ಒಂದು ಭಾಗ, 4 ಸಾವಿರ. ಉಳಿದದ್ದರಲ್ಲಿ ಮಗಳಿಗೆ ಒಂದು ಪಾಲಾದರೆ ಮಗನಿಗೆ ಎರಡು. ಅಂದರೆ ಮಗನಿಗೆ 14, ಹೆಣ್ಣುಮಕ್ಕಳಿಗೆ 7-7 ಸಾವಿರ. ಭಿನ್ನರಾಶಿ ಬರದಿದ್ದರೆ ಈ ಪಾಠ ದಾಟೋಕೇ ಆಗಲ್ಲ! 9ನೇ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಬರೆದ ಬೀಜಗಣಿತದ ಪುಸ್ತಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಥವೇ ಲೆಕ್ಕ. ಆಲ್ಜೀಬ್ರಾ ಅನ್ನುವ ಹೆಸರು ಬಂದದ್ದೂ ಆ ಪುಸ್ತಕದಿಂದಲೇ.

ನಾಲ್ಕನೆಯದು ಸೀರತ್, ಪ್ರವಾದಿಯವರ ಜೀವನ. 570ರ ಸುಮಾರಿಗೆ ಮೆಕ್ಕಾದಲ್ಲಿ ಹುಟ್ಟು, 622ರಲ್ಲಿ ಮದೀನಾಕ್ಕೆ ಹಿಜರತ್, 632ರಲ್ಲಿ ನಿಧನ. ಅದರ ಬೆನ್ನಿಗೇ 632ರಿಂದ 661ರವರೆಗಿನ ನಾಲ್ವರು ಖಲೀಫರ ಇತಿಹಾಸ. ಐದನೆಯದು ಹದೀಸ್, ಪ್ರವಾದಿಯವರ ನುಡಿ ಮತ್ತು ನಡೆ. ಆರನೆಯದು ಅಖ್ಲಾಖ್: ತಂದೆತಾಯಿಯ ಜೊತೆ, ನೆರೆಯವರ ಜೊತೆ ಹೇಗಿರಬೇಕು, ತೂಕದಲ್ಲಿ ಮೋಸ ಮಾಡಬಾರದು, ಚಾಡಿ ಹೇಳಬಾರದು ಇತ್ಯಾದಿ.

ತಮಾಷೆ ನೋಡಿ, ಈ ಆರನೆಯದರ ಹೆಸರೂ ಅದೇ ಅಖ್ಲಾಖ್. ಮುತ್ಯಾ ಈ ಖೋಲಿಯಲ್ಲಿ ಓದಿದ ನೀತಿಪಾಠ, ಅವನ ದೋಸ್ತ ಆ ಖೋಲಿಯಲ್ಲೂ ಓದ್ತಿದ್ದ! ನಡುವೆ ಒಂದು ಗೋಡೆ ಅಷ್ಟೇ.

ಈ ವಿದ್ಯೆ ನಿಜಾಮನ ಜೊತೆ ನಮ್ಮ ಕಡೆ ಬಂದದ್ದು ಅಂದುಕೊಂಡರೆ ತಪ್ಪು. ಬಹಮನಿ ಸುಲ್ತಾನ ಎರಡನೇ ಮುಹಮ್ಮದ್ ಶಾಹ (1378-1397) ಗುಲ್ಬರ್ಗಾ, ಬೀದರ್ ಮೊದಲಾದ ಊರುಗಳಲ್ಲಿ ಅನಾಥ ಮಕ್ಕಳಿಗೆ ಶಾಲೆ ತೆರೆದ ಅಂತ ಫಿರಿಷ್ತಾ ಬರೆಯುತ್ತಾನೆ. ಅವನ ನಂತರ ಬಂದ ಫಿರೋಜ್ ಶಾಹ (1397-1422) ಇನ್ನೂ ಮಜಾ ಮನುಷ್ಯ. ಶನಿವಾರ, ಸೋಮವಾರ, ಗುರುವಾರ ತಾನೇ ಕೂತು ಪಾಠ ಹೇಳುತ್ತಿದ್ದನಂತೆ. ಹಗಲು ರಾಜ್ಯದ ಕೆಲಸ ಇದ್ದರೆ ರಾತ್ರಿ ಕ್ಲಾಸು. ವಿಷಯ ಏನು? ಯೂಕ್ಲಿಡ್‌ನ ರೇಖಾಗಣಿತ, ಖಗೋಳ, ಅಲಂಕಾರ, ಮತ್ತು ಧರ್ಮತತ್ವ. ಫಿರಿಷ್ತಾ ಇದನ್ನು ಬರೆದದ್ದು ಬಿಜಾಪುರದಲ್ಲಿ ಕೂತು, ಎರಡು ನೂರು ವರ್ಷ ಆದ ಮೇಲೆ. ಆದ್ದರಿಂದ ಸ್ವಲ್ಪ ಉಪ್ಪುಖಾರ ಸೇರಿರಬಹುದು. ಆದರೆ ಫಿರೋಜನ ಗುರು ಮತ್ತು ಮಂತ್ರಿ ಮೀರ್ ಫಜ್ಲುಲ್ಲಾ ಇಂಜು, ಸಮರ್‌ಖಂದಿನ ದೊಡ್ಡ ವಿದ್ವಾಂಸ ತಫ್ತಾಜಾನಿಯ ಶಿಷ್ಯ. ಆ ತಫ್ತಾಜಾನಿ ಅಕಾಯಿದ್ ಬಗ್ಗೆ ಬರೆದ ವ್ಯಾಖ್ಯಾನವನ್ನು ಭಾರತದ ಮದರಸಾಗಳಲ್ಲಿ ಇವತ್ತಿಗೂ ಓದಿಸುತ್ತಾರೆ.

ಈ ಫಿರೋಜ್ ಶಾಹ ಭೀಮಾ ದಂಡೆಯ ಮೇಲೆ ಫಿರೋಜಾಬಾದ್ ಅಂತ ಒಂದು ಊರನ್ನೇ ಕಟ್ಟಿಸಿದ. ಅಲ್ಲಿಂದ ಅದೇ ಭೀಮೆ ಕೆಳಗೆ ಹರಿದು ನಮ್ಮ ಸನ್ನತಿಗೆ ಬರುತ್ತಾಳೆ. ಅಶೋಕನ ಕಲ್ಲು ಆಗ ಅಲ್ಲೇ ಇತ್ತು, ಓದುವವರು ಮಾತ್ರ ಯಾರೂ ಇರಲಿಲ್ಲ.

ಫಿರೋಜನ ಕಾಲದಲ್ಲೇ, 1400ರ ಸುಮಾರಿಗೆ, ಖ್ವಾಜಾ ಬಂದೇನವಾಜರು ದೆಹಲಿ ಬಿಟ್ಟು ಗುಲ್ಬರ್ಗಾಕ್ಕೆ ಬಂದರು. ತಮ್ಮ ಖಾನ್‌ಖಾದಲ್ಲಿ ಹದೀಸ್, ಕುರ್‌ಆನ್ ವ್ಯಾಖ್ಯಾನ, ಸೂಫಿ ಸಾಧನೆಯ ಪಾಠ ಹೇಳುತ್ತಿದ್ದರು. ಯೂಕ್ಲಿಡ್ ಓದಿಸುವ ಸುಲ್ತಾನನಿಗೂ ಅವರಿಗೂ ಕೊನೆಗೆ ಸರಿಬರಲಿಲ್ಲ. ಬುದ್ಧಿಯಿಂದ ಬೆಳೆಸುವ ವಿದ್ಯೆ ದೊಡ್ಡದೋ, ಪರಂಪರೆಯಿಂದ ಬಂದ ವಿದ್ಯೆ ದೊಡ್ಡದೋ ಅನ್ನುವ ಜಗಳ ಆಗಲೂ ಇತ್ತು. ಬಂದೇನವಾಜರು ತಾವು ಸಂಸ್ಕೃತ ಗ್ರಂಥಗಳನ್ನು ಓದಿದ್ದಾಗಿಯೂ, ಬ್ರಾಹ್ಮಣರ ಜೊತೆ ವಾದ ಮಾಡಿದ್ದಾಗಿಯೂ ಹೇಳಿಕೊಂಡದ್ದು ಅವರ ಮಾತುಗಳ ಸಂಗ್ರಹದಲ್ಲಿ ಇದೆ. ಅವರು ಓದಿದ್ದು ವಾದದಲ್ಲಿ ಗೆಲ್ಲಲಿಕ್ಕೇ ಇರಬಹುದು. ಆದರೂ ಓದಿದರಲ್ಲ, ಅದು ನನಗೆ ಮುಖ್ಯ ಅನಿಸಿತು.

ಆಮೇಲೆ 1472ರಲ್ಲಿ ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ ಎದ್ದಿತು. ಮೂರು ಅಂತಸ್ತು, ಸುಮಾರು 205 ಅಡಿ ಉದ್ದ, 180 ಅಡಿ ಅಗಲ. ಮಸೀದಿ, ಪಾಠದ ಹಾಲು, ಗುರುಗಳಿಗೆ ಮನೆ, ವಿದ್ಯಾರ್ಥಿಗಳಿಗೆ ಕೋಣೆ, 3000 ಪುಸ್ತಕಗಳ ಗ್ರಂಥಾಲಯ. ಕಟ್ಟಿಸಿದ ಗವಾನನನ್ನು 1481ರಲ್ಲಿ ಸುಳ್ಳು ಆಪಾದನೆ ಮೇಲೆ ಸುಲ್ತಾನನೇ ಕೊಲ್ಲಿಸಿದ. 1696ರಲ್ಲಿ ಒಳಗೆ ಇಟ್ಟಿದ್ದ ಮದ್ದುಗುಂಡು ಸಿಡಿದು ಅರ್ಧ ಕಟ್ಟಡ ಹೋಯಿತು. ಮುಂದಿನ ಎರಡು ಮಿನಾರುಗಳಲ್ಲಿ ಒಂದು ಮಾತ್ರ ಈಗ ನಿಂತಿದೆ. ನಾವು ಅದರ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತೇವೆ, ಒಳಗೆ ಏನು ಓದುತ್ತಿದ್ದರು ಅಂತ ಕೇಳಲ್ಲ.

ಇನ್ನೊಂದು ಮಾತು. ಮದರಸಾಗಳಲ್ಲಿ ಓದಿಸುವ ದರ್ಸೆ ನಿಜಾಮಿ ಎಂಬ ಪಠ್ಯಕ್ರಮಕ್ಕೂ ನಮ್ಮ ಹೈದರಾಬಾದ್ ನಿಜಾಮನಿಗೂ ಸಂಬಂಧ ಇಲ್ಲ. ನಾನೂ ಹಾಗೇ ತಿಳಿದಿದ್ದೆ! ಅದು ಲಖನೌದ ಫಿರಂಗಿ ಮಹಲಿನ ಮುಲ್ಲಾ ನಿಜಾಮುದ್ದೀನ್ (ನಿಧನ 1748) ಅವರ ಹೆಸರಿನದು. ಅದರಲ್ಲೂ ವ್ಯಾಕರಣ, ತರ್ಕ, ಫಿಕ್ಹ್ ಜೊತೆಗೆ ಯೂಕ್ಲಿಡ್ ಇದ್ದ.

ಮತ್ತೆ ಮುತ್ಯಾನ ಕಾಲಕ್ಕೆ ಬರೋಣ. ರಜಾಕಾರರ ಹಾವಳಿ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, ಅದರ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹಿಂಸೆ, ಎಲ್ಲವನ್ನೂ ನಮ್ಮ ಜಿಲ್ಲೆ ಕಂಡಿತು. 1950ರಲ್ಲಿ ಸಂವಿಧಾನ ಬಂತು. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಅಂತ 28ನೇ ವಿಧಿ ಹೇಳಿತು. 1956ರಲ್ಲಿ ಗುಲ್ಬರ್ಗಾ ಕನ್ನಡ ನಾಡಿಗೆ ಸೇರಿತು. ದೀನಿಯಾತ್ ಖೋಲಿ ಸರ್ಕಾರಿ ಶಾಲೆಯಿಂದ ಹೊರಗೆ ಹೋಗಿ ಮಸೀದಿಯ ಮಕ್ತಬ್ ಸೇರಿತು. ಮಕ್ಕಳು ಬೆಳಿಗ್ಗೆಯೋ ಸಂಜೆಯೋ ಅಲ್ಲಿ ಹೋಗಿ ಕಲಿಯುತ್ತಾರೆ.

28ನೇ ವಿಧಿ ಸರಿಯಾಗೇ ಇದೆ. ಸರ್ಕಾರದ ದುಡ್ಡಿನಲ್ಲಿ ಯಾರ ಧರ್ಮವನ್ನೂ ಯಾರಿಗೂ ಬೋಧಿಸಬಾರದು, ನನಗೆ ಅದರಲ್ಲಿ ಅನುಮಾನ ಇಲ್ಲ. ಆದರೆ ಒಂದು ಧರ್ಮವನ್ನು ಬೋಧಿಸುವುದು ಬೇರೆ, ಅದರ ಬಗ್ಗೆ ತಿಳಿಸುವುದು ಬೇರೆ. ನಿಜಾಮನ ಕಾಲದಲ್ಲಿ ಪಕ್ಕದ ಖೋಲಿಯಲ್ಲಿ ಏನೋ ಕಲಿಸ್ತಾರೆ ಅಂತಾದರೂ ಮುತ್ಯಾನಿಗೆ ಗೊತ್ತಿತ್ತು. ನನ್ನ ಓರಗೆಯವರಿಗೆ ಆ ಖೋಲಿ ಇರುವುದೇ ಗೊತ್ತಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಯಾರು ಏನು ಹೇಳಿದರೂ ನಂಬುತ್ತೇವೆ. ಮದರಸಾ ಅಂದ ಕೂಡಲೇ ಬರುವ ಫಾರ್ವರ್ಡ್ ಮೆಸೇಜುಗಳನ್ನು ನೀವೂ ನೋಡಿರುತ್ತೀರಿ. ಬಂದೇನವಾಜರ ಉರುಸಿಗೆ ಹೋಗಿ ಸಕ್ಕರೆ ಓದಿಸಿಕೊಂಡು ಬರುವ ನಮ್ಮ ಮನೆಗಳಲ್ಲೇ ಅವು ಓಡಾಡುತ್ತವೆ, ಅದೇ ಬೇಜಾರು.

ಮುತ್ಯಾನಿಗೆ ಗೊತ್ತಾಗದೇ ಹೋದದ್ದು ದೊಡ್ಡ ರಹಸ್ಯವೇನಲ್ಲ. ಫಿಕ್ಹ್ ಪುಸ್ತಕದಲ್ಲಿ ಜನಾಜಾ ನಮಾಜಿನ ಪಾಠ ಒಂದಿದೆ, ಹೈಸ್ಕೂಲು ಹುಡುಗರಿಗೇ ಕಲಿಸುತ್ತಾರೆ. ಆ ನಮಾಜಿನಲ್ಲಿ ಬಗ್ಗುವುದಿಲ್ಲ, ಹಣೆ ನೆಲಕ್ಕೆ ಹಚ್ಚುವುದಿಲ್ಲ. ನಾಲ್ಕು ಸಲ ತಕ್‌ಬೀರ್, ಸತ್ತವರಿಗಾಗಿ ಪ್ರಾರ್ಥನೆ, ಕೊನೆಗೆ ಸಲಾಂ. ಶುರುವಿನಿಂದ ಕೊನೆಯವರೆಗೂ ನಿಂತೇ ಇರುವುದು.

ಬೇವಿನ ಗಿಡದ ಕೆಳಗೆ ಮುತ್ಯಾ ಕೂಡ ನಿಂತೇ ಇದ್ದನಲ್ಲ ಅಂತ ಸನ್ನತಿಯಿಂದ ಬರುವಾಗ ಹೊಳೆಯಿತು. ಅವನಿಗೆ ಇದನ್ನು ಹೇಳಲು ಈಗ ಅವನಿಲ್ಲ.

ನಿಮ್ಮ ಮನೆಯಲ್ಲೂ ನಿಜಾಮನ ಕಾಲದಲ್ಲಿ ಓದಿದ ಹಿರಿಯರು ಇದ್ದರೆ ದೀನಿಯಾತ್, ಅಖ್ಲಾಖಿಯಾತ್ ಪಿರಿಯಡ್ಡಿನ ನೆನಪು ಕೇಳಿ ನೋಡಿ. ಏನಾದರೂ ಹೇಳಿದರೆ ಇಲ್ಲಿ ಬರೆಯಿರಿ. ಎರಡೂ ಖೋಲಿಯವರು ಬರೆದರೆ ಇನ್ನೂ ಖುಷಿ.