ಲಿಸ್ಬನ್ನಿನ ಕಡತ ಗೋಪುರ

ಮದುವೆಯ ಇಪ್ಪತ್ತನೆಯ ವರ್ಷದ ನೆಪದಲ್ಲಿ ನಾವಿಬ್ಬರು ಲಿಸ್ಬನ್ ನೋಡಿಬಂದೆವು. ನಮ್ಮಲ್ಲೊಬ್ಬರು ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತ ನೋಡುವವರಾದ್ದರಿಂದ ರಜೆ ಮತ್ತು ವಿದೇಶ ಪ್ರಯಾಣದ ಅನುಮತಿಗೇ ಎರಡು ತಿಂಗಳು ಹಿಡಿಯಿತು. ನಗರಕ್ಕೆ ಉಳಿದದ್ದು ಐದು ದಿನ. ಪ್ಯಾರಿಸ್, ರೋಮ್ ಬಿಟ್ಟು ಲಿಸ್ಬನ್ ಏಕೆ ಎಂದು ಅನೇಕರು ಕೇಳಿದರು. ನಾವು ಬಾಳುತ್ತಿರುವ ಮುಂಬಯಿ, 1661ರ ಮದುವೆಯ ಒಪ್ಪಂದದಲ್ಲಿ ಇಂಗ್ಲೆಂಡಿನ ಅರಸನಿಗೆ ವರದಕ್ಷಿಣೆಯಾಗಿ ಸಂದದ್ದು ಪೋರ್ಚುಗಲ್ಲಿನ ಅರಮನೆಯಿಂದ. ನಾವು ಹುಟ್ಟಿದ ಕುಂದಾಪುರ ಸೀಮೆಯ ಬಸ್ರೂರು ಅವರ ದಾಖಲೆಗಳಲ್ಲಿ ‘ಬಾರ್ಸೆಲೋರ್’, ಹೊನ್ನಾವರ ‘ಓನೋರ್’. ನಮಗೆ ಇಷ್ಟು ಕಾರಣ ಸಾಕಾಗಿತ್ತು.

ಮೊದಲ ದಿನ ಎಲ್ಲರಂತೆ ಬೆಲೆಂಗೆ ಹೋದೆವು. ಅಲ್ಲಿನ ಜೆರೋನಿಮೋಸ್ ಮಠವನ್ನು ಅರಸ ಮೊದಲನೆಯ ಮನುವೆಲ್ ಕಟ್ಟಿಸಿದ್ದು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ವಿಧಿಸಿದ, ಸುಮಾರು ಶೇಕಡಾ 5ರ ಸುಂಕದ ಹಣದಿಂದ. ಕಂಬಗಳ ಮೇಲೆ ಹಡಗಿನ ಹಗ್ಗಗಳನ್ನೂ ಕಡಲ ಬಳ್ಳಿಗಳನ್ನೂ ಕಡೆದಿದ್ದಾರೆ. ಒಳಗೆ ವಾಸ್ಕೋ ಡ ಗಾಮನ ಸಮಾಧಿ, ಎದುರಿಗೆ ಅವನ ಯಾನವನ್ನು ಮಹಾಕಾವ್ಯವಾಗಿಸಿದ ಕವಿ ಕಮೋಯೆನ್ಸನ ಸಮಾಧಿ. ಮಠ ಸುಂದರವಾಗಿದೆ, ಅದನ್ನು ಅಲ್ಲಗಳೆಯುವುದು ಸಣ್ಣತನ. ಆದರೆ ಆ ಸೌಂದರ್ಯದ ಬೆಲೆಯಲ್ಲಿ ನಮ್ಮ ಕರಾವಳಿಯ ಕರಿಮೆಣಸಿನ ಪಾಲೂ ಇದೆಯೆಂಬ ಅರಿವಿನಿಂದ ನಾವು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಮರುದಿನ ತೇಜೋ ನದಿಯ ದಡದ ದೊಡ್ಡ ಚೌಕಕ್ಕೆ ಬಂದೆವು. ಅದರ ಅಧಿಕೃತ ಹೆಸರು ವಾಣಿಜ್ಯ ಚೌಕ. ಊರವರು ಈಗಲೂ ‘ಅರಮನೆಯ ಅಂಗಳ’ ಎನ್ನುತ್ತಾರೆ. ಅರಮನೆ ಮಾತ್ರ ಇಲ್ಲ. 1755ರ ನವೆಂಬರ್ 1ರ ಬೆಳಿಗ್ಗೆ, ಸಕಲ ಸಂತರ ಹಬ್ಬದಂದು, ಇಗರ್ಜಿಗಳಲ್ಲಿ ಜನ ತುಂಬಿ ಮೇಣದ ಬತ್ತಿಗಳು ಉರಿಯುತ್ತಿದ್ದಾಗ ಭೂಮಿ ಕಂಪಿಸಿತು. ಬಯಲೇ ಸುರಕ್ಷಿತವೆಂದು ನದಿಯ ದಡಕ್ಕೆ ಓಡಿದವರನ್ನು ಕಡಲಿನಿಂದ ನುಗ್ಗಿಬಂದ ಅಲೆಗಳು ಕೊಚ್ಚಿಕೊಂಡು ಹೋದವು. ಉಳಿದುದನ್ನು ದಿನಗಟ್ಟಲೆ ಉರಿದ ಬೆಂಕಿ ನುಂಗಿತು. ಗುಡ್ಡದ ಮೇಲಿನ ಕಾರ್ಮೋ ಇಗರ್ಜಿ ಇಂದಿಗೂ ಮಾಡಿಲ್ಲದೆ ನಿಂತಿದೆ. ಕಮಾನುಗಳ ನಡುವೆ ಆಕಾಶವೇ ಕಾಣುತ್ತದೆ. ಅರಮನೆಯೊಂದಿಗೆ ಸುಮಾರು 70,000 ಗ್ರಂಥಗಳಿದ್ದ ಅರಸನ ಪುಸ್ತಕ ಭಂಡಾರ ನಾಶವಾಯಿತು. ಪೂರ್ವದ ವ್ಯಾಪಾರವನ್ನೆಲ್ಲ ನಡೆಸುತ್ತಿದ್ದ ‘ಕಾಸಾ ದ ಇಂಡಿಯಾ’ ಕಚೇರಿಯ ಕಾಗದಗಳೂ ಹೋದವು. ಎರಡೂವರೆ ಶತಮಾನ ಯಾವ ಹಡಗಿನಲ್ಲಿ ಎಷ್ಟು ಮೆಣಸು ಬಂತು, ಯಾರಿಗೆ ಎಷ್ಟು ಸಂದಿತು ಎಂಬ ಲೆಕ್ಕದ ಬಹುಪಾಲು ಕೆಲವೇ ದಿನಗಳಲ್ಲಿ ಬೂದಿಯಾಯಿತು.

ಎಲ್ಲವೂ ಹೋಗಲಿಲ್ಲ ಎಂಬುದಕ್ಕೆ ಕಾರಣನಾದ ವ್ಯಕ್ತಿಯ ಕಥೆ ನಮ್ಮನ್ನು ಉಳಿದ ಮೂರು ದಿನ ಹಿಡಿದಿಟ್ಟಿತು. ರಾಜ್ಯದ ಮುಖ್ಯ ದಾಖಲೆಗಳು ಸಾವ್ ಜೋರ್ಜ್ ಕೋಟೆಯ ಒಂದು ಗೋಪುರದಲ್ಲಿದ್ದವು. ‘ತೊಂಬು’ ಎಂದರೆ ನೋಂದಣಿ ಪುಸ್ತಕ. ಹಾಗಾಗಿ ಅದು ‘ತೊಂಬಿನ ಗೋಪುರ’. ಭೂಕಂಪಕ್ಕೆ ಅದೂ ಕುಸಿಯಿತು. ಅದರ ಪ್ರಧಾನ ಪಾಲಕ ಮನುವೆಲ್ ದ ಮಾಯಾ. 1677ರಲ್ಲಿ ಹುಟ್ಟಿದವನು, ಆಗ ಅವನಿಗೆ ಎಪ್ಪತ್ತೆಂಟರ ಆಸುಪಾಸು. ನಮ್ಮ ನಿಯಮಗಳಂತೆ ನಿವೃತ್ತನಾಗಿ ಹದಿನೆಂಟು ವರ್ಷ ಕಳೆದಿರಬೇಕಾದವನು. ಊರೆಲ್ಲ ಹೊಗೆಯಾಡುತ್ತಿರುವಾಗ ಈ ಮುದುಕ ಕಲ್ಲುಗುಪ್ಪೆಯ ಅಡಿಯಿಂದ ಕಡತಗಳನ್ನು ತೆಗೆಸಿ, ಕೋಟೆಯ ಅಂಗಳದಲ್ಲಿ ಮರದ ಹಲಗೆಯ ತಾತ್ಕಾಲಿಕ ಮನೆ ಕಟ್ಟಿಸಿ, ಅದರಲ್ಲಿ ಸೇರಿಸಿಟ್ಟನು. ಸರಿಯಾದ ಜಾಗ ಬೇಕೆಂದು ಪಟ್ಟು ಹಿಡಿದನು. 1757ರಲ್ಲಿ ಅವು ಸಾವ್ ಬೆಂತೋ ಮಠಕ್ಕೆ ಹೋದವು. ಇಂದು ಸಂಸತ್ತು ನಡೆಯುವುದು ಅದೇ ಕಟ್ಟಡದಲ್ಲಿ.

ಅವನು ರಾಜ್ಯದ ಮುಖ್ಯ ಇಂಜಿನಿಯರನೂ ಆಗಿದ್ದನು. ಆ ಡಿಸೆಂಬರ್ 4ರಂದೇ ನಗರದ ಪುನರ್ನಿರ್ಮಾಣ ಕುರಿತು ಟಿಪ್ಪಣಿಯ ಮೊದಲ ಭಾಗವನ್ನು ಮಂಡಿಸಿದನು. ಅದರಲ್ಲಿ ಐದು ಪರ್ಯಾಯಗಳು: ಇದ್ದಂತೆಯೇ ಕಟ್ಟುವುದು; ಬೀದಿಗಳನ್ನು ಅಗಲಿಸುವುದು; ಅಗಲಿಸಿ, ಮನೆಗಳ ಎತ್ತರವನ್ನೂ ತಗ್ಗಿಸುವುದು; ತಗ್ಗಿನ ಪೇಟೆಯನ್ನು ಪೂರ್ತಿ ನೆಲಸಮ ಮಾಡಿ ಹೊಸ ಬೀದಿ ಎಳೆಯುವುದು; ಇಲ್ಲವೇ ಬೆಲೆಂ ಕಡೆ ಬೇರೆ ನಗರವನ್ನೇ ಕಟ್ಟುವುದು. ಪರ್ಯಾಯಗಳನ್ನು ಬರೆದು ಮೇಲಿನವರ ಆದೇಶಕ್ಕೆ ಸಲ್ಲಿಸುವ ಈ ಕ್ರಮ ನಮಗೆ ಎಷ್ಟು ಪರಿಚಿತವೆಂದರೆ, ಓದುವಾಗ ಅಂಚಿನಲ್ಲಿ ಹಸಿರು ಶಾಯಿಯ ಸಹಿಯನ್ನೇ ಹುಡುಕಿದಂತಾಯಿತು. ಮಂತ್ರಿ ಕರ್ವಾಲ್ಯೋ, ಮುಂದೆ ಪೊಂಬಾಲ್ ಎಂದು ಹೆಸರಾದವನು, ಆರಿಸಿದ್ದು ನಾಲ್ಕನೆಯದನ್ನು. ಇಂದಿನ ಬೈಶಾ ಪೇಟೆಯ ನೇರ ಬೀದಿಗಳು, ಭೂಕಂಪ ತಡೆಯಲು ಗೋಡೆಯೊಳಗೆ ಪಂಜರದಂತೆ ಕೂಡಿಸಿದ ಮರದ ಚೌಕಟ್ಟುಗಳು, ಆ ನಿರ್ಧಾರದ ಫಲ. ಅರಸನಿಗೆ ಮಾತ್ರ ಕಲ್ಲಿನ ಸೂರಿನ ಮೇಲೆ ಮತ್ತೆ ನಂಬಿಕೆ ಬರಲಿಲ್ಲ. ಅವನು ಅಜೂಡ ಗುಡ್ಡದ ಮೇಲೆ ಮರ ಮತ್ತು ಬಟ್ಟೆಯ ಅರಮನೆಯಲ್ಲಿ ಬಾಳಿದನು.

ಉಳಿದ ಆ ಕಾಗದಗಳಲ್ಲಿ ಗೋವೆಯಿಂದ ಅಲ್ಬುಕರ್ಕ್ ತನ್ನ ಅರಸನಿಗೆ ಬರೆದ ಪತ್ರಗಳಿವೆ. 1510ರಲ್ಲಿ ಅವನನ್ನು ಗೋವೆಗೆ ಕರೆದೊಯ್ದವನು ಹೊನ್ನಾವರದ ತಿಮ್ಮೋಜ. ಗೋವೆಯಿಂದ ಮಳೆಗಾಲದ ಗಾಳಿ ನೋಡಿಕೊಂಡು ಹಡಗೇರುತ್ತಿದ್ದ ವರದಿಗಳ ಸಂಪುಟಗಳೂ ಅಲ್ಲಿವೆ. ಉಳಿದ ಸಂಪುಟಗಳು ಗೋವೆಯಲ್ಲೇ ಇವೆ. ಕೆಳದಿಯ ನಾಯಕರಿಗೂ ಪೋರ್ಚುಗೀಜರಿಗೂ ನಡೆದ ಜಗಳ, ಒಪ್ಪಂದ, ಅಕ್ಕಿಯ ಮಾತುಗಳನ್ನು ಬರೆಯಹೊರಟವರು ಇವನ್ನು ಬಿಟ್ಟು ಬರೆಯಲಾರರು. ಇವು ನಮ್ಮ ಪರವಾಗಿ ಬರೆದವಲ್ಲ, ನಮ್ಮನ್ನು ಅಳೆಯಲು ಬರೆದವು. ಪಾಯಸ್ ಮತ್ತು ನೂನಿಜ್ ಕಂಡ ವಿಜಯನಗರವನ್ನೂ ನಾವು ಹೀಗೇ ಎರವಲು ಕಣ್ಣಿನಿಂದ ನೋಡಿದೆವು. ಅವರ ಬರಹ ಮೂರೂವರೆ ಶತಮಾನಕ್ಕೂ ಮಿಕ್ಕಿ ಹಸ್ತಪ್ರತಿಯಾಗಿಯೇ ಇದ್ದು, 1897ರಲ್ಲಿ ಇದೇ ಲಿಸ್ಬನ್ನಿನಲ್ಲಿ ಅಚ್ಚಾಯಿತು.

ಕೊನೆಯ ದಿನ ಮೆಟ್ರೋ ಹಿಡಿದು ವಿಶ್ವವಿದ್ಯಾಲಯದ ಬಳಿಯ ದಾಖಲಾಗಾರಕ್ಕೆ ಹೋದೆವು. 1990ರಿಂದ ಅದು ಅಲ್ಲಿನ ದೊಡ್ಡ ಕಾಂಕ್ರೀಟ್ ಕಟ್ಟಡದಲ್ಲಿದೆ. ಗೋಪುರವಿಲ್ಲ, ಹೆಸರು ಉಳಿದಿದೆ. ಹದಿನಾರನೆಯ ಶತಮಾನದ ಪೋರ್ಚುಗೀಜ್ ಬರಹ ಓದಲು ಬಾರದ ನಾವು ಒಳಗೆ ಏನನ್ನು ಕೇಳುವುದು? ಎದುರಿನ ಹುಲ್ಲಿನ ಮೇಲೆ ಕುಳಿತು ತಂದಿದ್ದ ಬ್ರೆಡ್ಡು, ಕಿತ್ತಳೆ ತಿಂದೆವು. ಆಗ ನಮ್ಮ ಊರಿನ ಮನೆಯ ಮಾತು ಬಂತು. ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದ ವರ್ಷ, ಅಟ್ಟದ ಮೇಲೆ ಅಜ್ಜನ ಮರದ ಪೆಟ್ಟಿಗೆಯೊಂದಿತ್ತು. ಮಡಿಸಿದ ಕಪ್ಪು ಬಟ್ಟೆಯ ಕಡತಗಳು, ಗೆದ್ದಲು ಹಿಡಿದ ಕಟ್ಟುಗಳು. ಮೂಲಗೇಣಿಯ ಚೀಟಿಗಳಿದ್ದಿರಬೇಕು ಎಂದು ದೊಡ್ಡಮ್ಮ ಈಗಲೂ ಹೇಳುತ್ತಾರೆ. ನಾವು ಎಂಟು ದಿನದ ರಜೆಯಲ್ಲಿ ಹೋಗಿದ್ದೆವು, ಮನೆ ಖಾಲಿ ಮಾಡುವ ಅವಸರವಿತ್ತು. ಒಂದನ್ನೂ ಬಿಚ್ಚಿ ನೋಡದೆ, ಎರಡು ದಿನ ಬಚ್ಚಲೊಲೆಗೆ ಹಾಕಿ ನೀರು ಕಾಯಿಸಿದೆವು.