ಫಿನಿಷಿಯದ ಗಾಜಿನ ಟಗರುತಲೆ ಪದಕಗಳು

ಫಿನಿಷಿಯನ್ನರು ಮತ್ತು ಅವರ ವಸಾಹತಾದ ಕಾರ್ಥೇಜಿನವರು ಕೊರಳ ಸರಗಳಿಗೆ ಪೋಣಿಸುತ್ತಿದ್ದ ಪುಟ್ಟ ಬಣ್ಣಗಾಜಿನ ಪದಕಗಳು. ಕ್ರಿ.ಪೂ. 7ನೆಯ ಶತಮಾನದಿಂದ ಹಲವು ಶತಮಾನಗಳವರೆಗೆ ಇವು ಬಳಕೆಯಲ್ಲಿದ್ದವು. ಗಡ್ಡದ ಗಂಡಸಿನ ಮುಖದ ಪದಕಗಳು ಹೆಚ್ಚು ಹೆಸರಾಗಿವೆ. ಪ್ರಾಣಿಗಳಲ್ಲಿ ಟಗರಿನ ತಲೆಗೆ ಮುಖ್ಯ ಸ್ಥಾನ.

ಇವುಗಳನ್ನು ಊದಿ ಮಾಡಿದ್ದಲ್ಲ, ಅಚ್ಚಿಗೆ ಹೊಯ್ದದ್ದೂ ಅಲ್ಲ. ಗಾಜು ಊದುವ ಕಲೆ ಹುಟ್ಟಿದ್ದೇ ಕ್ರಿ.ಪೂ. 1ನೆಯ ಶತಮಾನದಲ್ಲಿ. ಕುಶಲಕರ್ಮಿ ಲೋಹದ ಕಡ್ಡಿಯ ತುದಿಗೆ, ಗಾಜು ಅಂಟಿಕೊಳ್ಳದಂತೆ, ಜೇಡಿಯಂಥ ಲೇಪ ಬಳಿಯುತ್ತಿದ್ದ. ಅದರ ಮೇಲೆ ಕರಗಿದ ಗಾಜನ್ನು ಸುತ್ತಿ, ಬಿಸಿಯಾಗಿರುವಾಗಲೇ ಮೂತಿಯನ್ನು ತಿದ್ದುತ್ತಿದ್ದ. ಬೇರೆ ಬಣ್ಣದ ಗಾಜಿನ ಎಳೆಗಳು ಸುರುಳಿ ಕೊಂಬುಗಳಾಗುತ್ತಿದ್ದವು; ಬಿಳಿಯ ಬೊಟ್ಟಿನ ಮೇಲೆ ಕಡುನೀಲಿ ಬೊಟ್ಟಿಟ್ಟರೆ ಕಣ್ಣು. ನೆತ್ತಿಯಲ್ಲಿ ದಾರಕ್ಕೊಂದು ಕುಣಿಕೆ. ತಣಿದ ಮೇಲೆ ಕಡ್ಡಿ ಎಳೆದರೆ ಒಳಗೆ ಟೊಳ್ಳು ಉಳಿಯುತ್ತಿತ್ತು. ತಿದ್ದುವ ಕೆಲಸವೆಲ್ಲ ಗಾಜು ಆರುವ ಮೊದಲೇ ಮುಗಿಯಬೇಕಿತ್ತು. ಇಷ್ಟು ಚಿಕ್ಕ ಮುಖದಲ್ಲಿ ಇಷ್ಟು ಜೀವಕಳೆ ತಂದ ಆ ಕೈಗಳ ನೈಪುಣ್ಯ ನಿಜಕ್ಕೂ ಬೆರಗು ಹುಟ್ಟಿಸುತ್ತದೆ.

ಕಾರ್ಥೇಜ್, ಸಾರ್ಡಿನಿಯದ ಥಾರೋಸ್, ಸ್ಪೇನಿನ ಇಬಿಜಾ ಮೊದಲಾದೆಡೆ ಗಾಜಿನ ತಲೆಪದಕಗಳು ದೊರೆತಿವೆ. ಹಲವು ಸಮಾಧಿಗಳಲ್ಲಿ ಸಿಕ್ಕಿವೆ. ಅಗಲವಾಗಿ ತೆರೆದ ಕಣ್ಣುಗಳನ್ನು ಕಂಡ ವಿದ್ವಾಂಸರು ಇವನ್ನು ದೃಷ್ಟಿ ತಾಗದಂತೆ ಕಾಯುವ ತಾಯಿತಗಳೆಂದು ಭಾವಿಸುತ್ತಾರೆ. ಕಾರ್ಥೇಜಿನ ಮುಖ್ಯ ದೇವತೆ ಬಾಲ್ ಹಮ್ಮೋನನಿಗೂ ಟಗರಿಗೂ ನಂಟಿತ್ತು. ಆದ್ದರಿಂದ ಇವನ್ನು ಬರಿಯ ಅಲಂಕಾರವೆಂದು ಎಣಿಸುವುದು ಸರಿಯಲ್ಲ.

ಸಾರ್ಡಿನಿಯದ ಓಲ್ಬಿಯಾದಲ್ಲಿ ದೊರೆತ ಬಣ್ಣಗಾಜಿನ ಪ್ರಸಿದ್ಧ ಸರವೊಂದು ಕಾಲ್ಯರಿಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ.