ಜಮೆಯ ಕಡೆ ತೊಂಬತ್ತೈದು

ಭಾರತದ ಕಾಲ್ಚೆಂಡಿನ ತಂಡಕ್ಕಾಗಿ ಸುನಿಲ್ ಛೇತ್ರಿಯವರು ಹೊಡೆದ ಗೋಲುಗಳು 95. 2024ರ ಜೂನ್ ತಿಂಗಳಲ್ಲಿ ಅವರು ಮೊದಲ ಸಲ ನಿವೃತ್ತರಾದಾಗ ಈ ಸಂಖ್ಯೆ 94 ಇದ್ದಿತು. ಜಗತ್ತಿನ ಎಲ್ಲ ದೇಶಗಳ ಪುರುಷರ ತಂಡಗಳನ್ನು ಲೆಕ್ಕಕ್ಕೆ ಹಿಡಿದರೂ ಅಂದು ಅವರಿಗಿಂತ ಮೇಲಿದ್ದವರು ಮೂವರೇ: ಪೋರ್ಚುಗಲ್ಲಿನ ರೊನಾಲ್ಡೊ, ಇರಾನಿನ ಅಲಿ ದಾಯಿ, ಅರ್ಜೆಂಟೀನದ ಮೆಸ್ಸಿ. ಕ್ರಿಕೆಟ್ಟಿನ ಅಂಕಿಗಳನ್ನು ನಿದ್ದೆಯಲ್ಲಿಯೂ ಒಪ್ಪಿಸಬಲ್ಲ ನಮ್ಮ ಮಕ್ಕಳಲ್ಲಿ ಈ ಅಂಕಿಯನ್ನು ಬಲ್ಲವರು ಎಷ್ಟು ಮಂದಿ?

ನಾವು ಬ್ಯಾಂಕಿನ ಗುಮಾಸ್ತರು. ಮೊತ್ತವೊಂದನ್ನು ಕಂಡೊಡನೆ ಅದರೊಳಗಿನ ಬಾಬುಗಳನ್ನು ಒಂದೊಂದಾಗಿ ತಾಳೆ ನೋಡದಿದ್ದರೆ ನಮಗೆ ಸಮಾಧಾನವಿಲ್ಲ. ಆದುದರಿಂದ ಈ 95ನ್ನೂ ಸ್ವಲ್ಪ ಬಿಡಿಸಿ ನೋಡೋಣ.

ಖಾತೆ ಛೇತ್ರಿಯವರಿಂದ ಆರಂಭವಾದುದಲ್ಲ. ಸ್ವತಂತ್ರ ಭಾರತದ ಮೊದಲ ಗೋಲು ಬಂದುದು 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ, ಫ್ರಾನ್ಸಿನ ಎದುರು. ನಮ್ಮವರಲ್ಲಿ ಬಹುಮಂದಿ ಅಂದು ಬರಿಗಾಲಲ್ಲಿ ಆಡಿದರು. ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿ 1-2ರಿಂದ ಸೋತರು. ಆ ಒಂದು ಗೋಲನ್ನು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ರಾಜ್ಯೋತ್ಸವದ ಸಂಚಿಕೆಗಳಲ್ಲಿ ಈ ಹೆಸರು ಕಾಣಸಿಗುವುದು ಅಪರೂಪ, ಇಲ್ಲಿಯಾದರೂ ಅಚ್ಚಾಗಲಿ. ಎಂಟು ವರ್ಷಗಳ ನಂತರ ಮೆಲ್ಬರ್ನಿನಲ್ಲಿ, ನಮ್ಮ ಈ ಮುಂಬಯಿಯ ಮೈದಾನಗಳಲ್ಲಿ ಪಳಗಿದ ನೆವಿಲ್ ಡಿಸೋಜಾ ಆಸ್ಟ್ರೇಲಿಯದ ಎದುರು ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದರು. ಒಲಿಂಪಿಕ್ಸಿನಲ್ಲಿ ಆ ಸಾಧನೆ ಮಾಡಿದ ಮೊದಲ ಏಷ್ಯದವನೆಂಬ ಕೀರ್ತಿ ಅವರದು. ಆ ದಿನಗಳಲ್ಲಿ ಭಾರತ ನಾಲ್ಕನೆಯ ಸ್ಥಾನದವರೆಗೆ ಹೋಗಿತ್ತು.

ಛೇತ್ರಿಯವರ ಕಾಲಕ್ಕೆ ಆ ಸಿರಿ ಕರಗಿಹೋಗಿತ್ತು. 2005ರ ಜೂನಿನಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದೊಡನೆ 1-1ರಲ್ಲಿ ಸರಿಸಮನಾದ ಪಂದ್ಯ ಅವರ ಮೊದಲನೆಯದು; ಭಾರತದ ಆ ಒಂದು ಗೋಲು ಅವರದೇ. ಮುಂದಿನ ಎರಡು ದಶಕಗಳಲ್ಲಿ ನಾಲ್ಕು ಸಲ ಅವರು ಪಂದ್ಯವೊಂದರಲ್ಲಿ ಮೂರು ಗೋಲು ಹೊಡೆದರು: 2008ರಲ್ಲಿ ದೆಹಲಿಯಲ್ಲಿ ತಜಕಿಸ್ತಾನಕ್ಕೆ, 2010ರಲ್ಲಿ ಪುಣೆಯಲ್ಲಿ ವಿಯೆಟ್ನಾಮಿಗೆ, 2018ರಲ್ಲಿ ಮುಂಬಯಿಯಲ್ಲಿ ಚೈನೀಸ್ ತೈಪೆಗೆ, 2023ರಲ್ಲಿ ಬೆಂಗಳೂರಿನಲ್ಲಿ ಪಾಕಿಸ್ತಾನಕ್ಕೆ. ಬೆಂಗಳೂರನ್ನು ಬಿಟ್ಟರೆ ಉಳಿದ ಮೂರೂ ಕನ್ನಡ ಸಂಘಗಳಿರುವ ಪರಸ್ಥಳಗಳೇ ಎಂಬುದು ನಮಗೆ ಸಣ್ಣ ಸಂತೋಷದ ಸಂಗತಿ!

ಆದರೆ ಮುಂಬಯಿಯ ಪಂದ್ಯವನ್ನು ನೆನೆದು ಹಿಗ್ಗುವಂತಿಲ್ಲ. 2018ರ ಜೂನ್ 1ರಂದು ಅಂಧೇರಿಯ ಕ್ರೀಡಾಂಗಣದಲ್ಲಿ ಭಾರತ 5-0ಯಿಂದ ಗೆದ್ದಾಗ ನೋಡಲು ಬಂದಿದ್ದವರು ಎರಡೂವರೆ ಸಾವಿರದಷ್ಟು ಜನ. ಕೋಟಿಗಟ್ಟಲೆ ಜನರಿರುವ ಊರಿನಲ್ಲಿ! ಮರುದಿನ ನಾಯಕರು ತಾವೇ ಜನರ ಮುಂದೆ ಬಂದು, ಬೈಯುವುದಾದರೂ ಸರಿ, ಟೀಕಿಸುವುದಾದರೂ ಸರಿ, ದಯವಿಟ್ಟು ಮೈದಾನಕ್ಕೆ ಬನ್ನಿರೆಂದು ಬೇಡಿಕೊಂಡರು. ಜೂನ್ 4ರಂದು ಕೀನ್ಯದ ಎದುರು ಅವರ ನೂರನೆಯ ಪಂದ್ಯಕ್ಕೆ ಟಿಕೇಟುಗಳೆಲ್ಲ ಖರ್ಚಾದವು. ಅಂದು ಎರಡು ಗೋಲು, ಜೂನ್ 10ರ ಅಂತಿಮ ಪಂದ್ಯದಲ್ಲಿ ಮತ್ತೆರಡು. ಅಲ್ಲಿಗೆ ಲೆಕ್ಕ 64ಕ್ಕೆ ಮುಟ್ಟಿ, ಆ ದಿನದ ಮಟ್ಟಿಗೆ ಮೆಸ್ಸಿಯೊಡನೆ ಸಮವಾಯಿತು.

ಇಲ್ಲಿ ಒಂದು ಆಕ್ಷೇಪವುಂಟು. ಮೆಸ್ಸಿ ಎದುರಿಸಿದ ತಂಡಗಳೆಲ್ಲಿ, ನೇಪಾಳ ಮಾಲ್ದೀವುಗಳೆಲ್ಲಿ ಎಂದು ಕೆಲವರು ಕೇಳುತ್ತಾರೆ. ಆಕ್ಷೇಪ ನಿಜ. 2023ರಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಪಾಕಿಸ್ತಾನಕ್ಕೆ ಹೊಡೆದ ಮೂರರಲ್ಲಿ ಎರಡು ಪೆನಾಲ್ಟಿಗಳು; ಇನ್ನೊಂದು ಗೋಲಿಯ ತಪ್ಪಿನಿಂದ ದಕ್ಕಿದುದು. ಭಾರತ ಒಮ್ಮೆಯೂ ವಿಶ್ವಕಪ್ಪಿನ ಕಣದಲ್ಲಿ ಆಡಿಲ್ಲವಾಗಿ ಅಲ್ಲಿ ಅವರದು ಒಂದು ಗೋಲೂ ಇಲ್ಲ. ಆದುದರಿಂದ ಮೆಸ್ಸಿಗೆ ಇವರು ಸಮಾನರೆಂದು ಹೇಳಲು ನಾವು ಸಿದ್ಧರಿಲ್ಲ. ಹಾಗೆ ಅವರೂ ಹೇಳಿಕೊಂಡವರಲ್ಲ.

ಆದರೆ ಅದೇ ನೇಪಾಳ, ಅದೇ ಮಾಲ್ದೀವುಗಳ ಎದುರು ಅವರೊಡನೆ ಇಡೀ ತಂಡವೇ ಆಡುತ್ತಿತ್ತಲ್ಲ! ಅವರ ಕಾಲದ ಭಾರತೀಯರಲ್ಲಿ ಈ ಲೆಕ್ಕದ ಅರ್ಧವನ್ನು ಮುಟ್ಟಿದವರೂ ಇಲ್ಲ. ಎದುರಾಳಿ ದುರ್ಬಲನಾಗಿದ್ದರೆ ಉಳಿದವರಿಗೂ ಗೋಲು ದೊರೆಯಬೇಕಿತ್ತು. ಗಟ್ಟಿ ನಾಣ್ಯದಂಥ ಗೋಲುಗಳೂ ಇಲ್ಲದಿಲ್ಲ. 2019ರ ಜನವರಿಯಲ್ಲಿ ಅಬುಧಾಬಿಯಲ್ಲಿ ಥಾಯ್ಲೆಂಡನ್ನು 4-1ರಿಂದ ಸೋಲಿಸಿದಾಗ ಎರಡು ಅವರವು. 1964ರ ನಂತರ ಏಷ್ಯಾ ಕಪ್ಪಿನಲ್ಲಿ ಭಾರತಕ್ಕೆ ಅದೇ ಮೊದಲ ಗೆಲುವು. ಹಾಗೆಂದು ಒಬ್ಬನ ಖಾತೆ ತುಂಬಿದ ಮಾತ್ರಕ್ಕೆ ತಂಡದ ಖಾತೆ ತುಂಬಲಿಲ್ಲ. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ, ತಮ್ಮ 150ನೆಯ ಪಂದ್ಯದಲ್ಲಿ, ಅವರು 94ನೆಯ ಗೋಲನ್ನು ಹೊಡೆದರು; ಭಾರತ ಅಫ್ಘಾನಿಸ್ತಾನಕ್ಕೆ 1-2ರಿಂದ ಸೋತಿತು.

ಇವರು ನಮ್ಮವರೇ ಎಂಬ ಪ್ರಶ್ನೆಯೂ ಈ ಸಂಚಿಕೆಯ ಓದುಗರಲ್ಲಿ ಏಳದಿರದು. ಹುಟ್ಟಿದ್ದು 1984ರಲ್ಲಿ ಸಿಕಂದರಾಬಾದಿನಲ್ಲಿ. ತಂದೆ ಸೈನ್ಯದವರು, ತಾಯಿ ನೇಪಾಳದವರು. ವರ್ಗವಾದ ಕಡೆಗೆಲ್ಲ ಸಂಸಾರ ಸಾಗಿತು. 2002ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್. 2013ರಲ್ಲಿ, ಆಗತಾನೆ ಹುಟ್ಟಿದ ಬೆಂಗಳೂರು ತಂಡ. ಬಂದ ವರ್ಷವೇ ಆ ತಂಡ ರಾಷ್ಟ್ರದ ಲೀಗನ್ನು ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯ ಮುಟ್ಟಿದ ಮೊದಲ ಭಾರತೀಯ ತಂಡವಾಯಿತು. ಮೂವತ್ತು ವರ್ಷ ಬಾಡಿಗೆ ಕಟ್ಟಿದ ಊರು ನಮ್ಮದೋ ಅಲ್ಲವೋ ಎಂಬ ಚರ್ಚೆಯನ್ನು ನಮ್ಮ ಸಂಘದಲ್ಲಿಯೇ ಎಷ್ಟೋ ಸಂಜೆ ಕೇಳಿದ್ದೇವೆ. ಮುಂಬಯಿ ನಮ್ಮದೆಂದು ವಾದಿಸುವ ಹಿರಿಯರು ಬೆಂಗಳೂರು ಛೇತ್ರಿಯವರದಲ್ಲವೆಂದು ಹೇಗೆ ಹೇಳಿಯಾರು?

2024ರ ಜೂನ್ 6ರಂದು ಕಲ್ಕತ್ತೆಯಲ್ಲಿ ಕುವೈತಿನೊಡನೆ ನಡೆದ ವಿದಾಯದ ಪಂದ್ಯದಲ್ಲಿ ಗೋಲೇ ಬೀಳಲಿಲ್ಲ. ಅವರ ಜಾಗ ತುಂಬುವವರು ದೊರೆಯದೆ ಮರುವರ್ಷ ಅವರನ್ನೇ ಮತ್ತೆ ಕರೆಯಬೇಕಾಯಿತು. 2025ರ ಮಾರ್ಚ್ 19ರಂದು ಶಿಲ್ಲಾಂಗಿನಲ್ಲಿ ಮಾಲ್ದೀವುಗಳ ಎದುರು ಭಾರತ 3-0ಯಿಂದ ಗೆದ್ದಿತು. ಮೂರನೆಯ ಗೋಲು ಅವರದು, ತೊಂಬತ್ತೈದನೆಯದು. ಆಗ ಅವರಿಗೆ 40 ವರ್ಷ.